ಸಹಾಯ ಬೇಕು: ರಾಜ್ಯ ಕಟ್ಟುವ ಕಾದಂಬರಿಯ ಎರಡನೇ ಭಾಗ ಮುಂದುವರಿಸಲಾ, ಬಿಡಲಾ?

ಗೆಳೆಯರೇ, ಒಂದು ಸಲಹೆ ಬೇಕಿತ್ತು. ತುಂಬಾ ಇಷ್ಟಪಟ್ಟಿದ್ದ ಫ್ಯಾಂಟಸಿ ವೆಬ್ ಕಾದಂಬರಿಯೊಂದರ ಎರಡನೇ ಭಾಗ ಓದುತ್ತಿದ್ದೇನೆ. 40 ಅಧ್ಯಾಯ ಮುಗಿದರೂ ಮನಸ್ಸು ಹಿಡಿಯುತ್ತಿಲ್ಲ.

ಮೊದಲ ಭಾಗದಲ್ಲಿ ನಾಯಕನಿಗೆ ಸಿಕ್ಕಿದ್ದು ಬರಡು ನೆಲ, ಹಸಿದ ಜನ. ಅವನು ಕಾಲುವೆ ತೋಡಿಸಿದ, ಉಪ್ಪು ಮಾಡಿಸಿದ. ಧಾನ್ಯ ಬೆಳೆದ ಹೊಲದಲ್ಲಿ ಮರುವರ್ಷ ಬೇಳೆಕಾಳು ಬಿತ್ತಿಸಿದ. ಅವು ಮಣ್ಣಿಗೆ ಸಾರಜನಕ ಸೇರಿಸುತ್ತವೆ ಅಲ್ವಾ, ಇಳುವರಿ ಏರಿದ್ದು ಅದರಿಂದಲೇ. ಕಣಜ ಮೊದಲ ಸಲ ತುಂಬಿದ ಅಧ್ಯಾಯ ಓದುವಾಗ ನನ್ನ ಕಣ್ಣು ತುಂಬಿ ಬಂದಿತ್ತು.

ಈಗ ಅದೆಲ್ಲ ಮಾಯ. 20 ವರ್ಷ ದಾಟಿ ಮಗನ ಕಥೆ, ಬರೀ ಯುದ್ಧ. ದೊಡ್ಡ ಸೈನ್ಯ ತಿಂಗಳುಗಟ್ಟಲೆ ನಡೆಯುತ್ತದೆ, ಊಟ ಎಲ್ಲಿಂದ ಬಂತು ಅಂತ ಒಂದು ಸಾಲೂ ಇಲ್ಲ. ಧಾನ್ಯ ಎಳೆಯುವ ಎತ್ತುಗಳಿಗೂ ಮೇವು ಬೇಕು. ದಾರಿ ಉದ್ದವಾದಷ್ಟೂ ಹೊರೆ ಕರಗುತ್ತದೆ. ಮೊದಲ ಭಾಗದಲ್ಲಿ ಈ ಲೆಕ್ಕ ಎಷ್ಟು ಚೆನ್ನಾಗಿತ್ತು! ಉಪ್ಪು ಕಾಯಿಸುತ್ತಿದ್ದ ಆ ಅಜ್ಜಿ ಏನಾದಳು ಅನ್ನೋದೂ ಗೊತ್ತಿಲ್ಲ.

ಇಂಥ ಎರಡನೇ ಭಾಗ ನೀವು ಪೂರ್ತಿ ಓದಿದ್ದೀರಾ? ತಾಳ್ಮೆಗೆ ಫಲ ಸಿಕ್ಕಿತಾ? ನೀರು, ತೆರಿಗೆ, ಕಣಜದ ಲೆಕ್ಕ ಕೊನೆವರೆಗೂ ಕೈಬಿಡದ ಕಾದಂಬರಿ ಇದ್ದರೆ ದಯವಿಟ್ಟು ಹೆಸರು ಹೇಳಿ. ಪೂರ್ತಿ ಮುಗಿದಿರುವುದಾದರೆ ಇನ್ನೂ ಒಳ್ಳೆಯದು.