ರಾಜ್ಯೋತ್ಸವದ ವೇಷ: ಈ ಸಲ ನಮ್ಮನೇಲಿ ಓಬವ್ವ ಇಲ್ಲ, ಕಮಲಾದೇವಿ

ಎಲ್ರಿಗೂ ನಮಸ್ಕಾರ. ಇಲ್ಲಿ ಟೆಕ್ಸಾಸಲ್ಲಿ ನಮ್ಮ ರಾಜ್ಯೋತ್ಸವಕ್ಕೆ ಮಾಡಿರೋ ಮಕ್ಕಳ ಫ್ಯಾನ್ಸಿ ಡ್ರೆಸ್ ಲಿಸ್ಟ್ ನೋಡ್ದೆ. ಐದು ಓಬವ್ವ, ಮೂರು ಚೆನ್ನಮ್ಮ, ಒನಕೆ ಯಾರ ಮನೇಲಿದೆ ಅಂತ ಆಗ್ಲೇ ಗಲಾಟೆ ಶುರು (ಹೋದ ವರ್ಷ ಬೇಸ್‌ಬಾಲ್ ಬ್ಯಾಟ್‌ಗೆ ಬ್ರೌನ್ ಪೇಪರ್ ಸುತ್ತಿ ಕಳ್ಸಿದ್ದು ನಾನೇ, ಒಪ್ಕೋತೀನಿ). ಈ ಸಲ ನನ್ ಮಗಳ ಹೆಸರಿನ ಮುಂದೆ ಸ್ವಾತಂತ್ರ್ಯ ಹೋರಾಟಗಾರ್ತಿ ಕಮಲಾದೇವಿ ಚಟ್ಟೋಪಾಧ್ಯಾಯ ಅಂತ ಬರ್ಕೊಳ್ಳಿ. ಹೆಸರು ಕೇಳಿ ಬೆಂಗಾಲಿ ಅಂದ್ಕೋಬೇಡಿ, ಅದು ಗಂಡನ ಕಡೆ ಹೆಸರು, ಹುಟ್ಟಿದ್ದು 1903ರಲ್ಲಿ ನಮ್ಮ ಮಂಗಳೂರಲ್ಲಿ, ಧಾರೇಶ್ವರ ಅನ್ನೋ ಸಾರಸ್ವತರ ಮನೇಲಿ. ತೀರ್ಕೊಂಡಿದ್ದು 1988ರ ಅಕ್ಟೋಬರ್ 29, ಅಂದ್ರೆ ಸರಿಯಾಗಿ ರಾಜ್ಯೋತ್ಸವದ ಹಿಂದು ಮುಂದು.

ಇದು ಶುರುವಾಗಿದ್ದು ಸ್ಕೂಲ್ ಪ್ರಾಜೆಕ್ಟಿಂದ. ಮಗಳು ರೋಸಾ ಪಾರ್ಕ್ಸ್ ಬಗ್ಗೆ, ಅದೇ ಬಸ್ಸಲ್ಲಿ ಬಿಳಿಯರಿಗೆ ಸೀಟು ಬಿಟ್ಕೊಡಲ್ಲ ಅಂದ ಅಮೆರಿಕದ ಕಪ್ಪು ಮಹಿಳೆ ಬಗ್ಗೆ, ಚಾರ್ಟ್ ಮಾಡ್ತಾ ಇದ್ಲು, ನಾನು ದೋಸೆ ಹುಯ್ತಿದ್ದೆ, ಇದ್ದಕ್ಕಿದ್ದಂಗೆ "ಅಮ್ಮಾ, ಆ ಬಸ್ಸಲ್ಲಿ ನಾವಿದ್ದಿದ್ರೆ ಎಲ್ಲಿ ಕೂತ್ಕೋತಿದ್ವಿ?" ಅಂದ್ಲು. ನನಗೆ ಬಾಯೇ ಬರ್ಲಿಲ್ಲ. ನಮ್ಮೆಜಮಾನ್ರು ಲ್ಯಾಪ್‌ಟಾಪಿಂದ ತಲೆ ಎತ್ತದೇ "ನಾವು ಇಂಡಿಯನ್ಸ್ ಪುಟ್ಟಾ, ನಮಗೂ ಅದಕ್ಕೂ ಸಂಬಂಧ ಇಲ್ಲ" ಅಂದ್ಬಿಟ್ರು. ದೋಸೆ ಸೀದೋಯ್ತು.

ಸಂಬಂಧ ಇಲ್ವಾ? 1941ರಲ್ಲಿ ಕಮಲಾದೇವಿ ಈ ಅಮೆರಿಕ ಸುತ್ತುತ್ತಾ ದಕ್ಷಿಣದ ಕಡೆ ರೈಲಲ್ಲಿ ಬರ್ತಾ ಇದ್ರು. ಲೂಸಿಯಾನಾ, ನಾವು ಟೆಕ್ಸಾಸಿನವರು ಲಾಂಗ್ ವೀಕೆಂಡ್ ಬಂದ್ರೆ ಪುಳಿಯೋಗರೆ ಕಟ್ಕೊಂಡು ನ್ಯೂ ಆರ್ಲಿಯನ್ಸ್‌ಗೆ ಓಡ್ತೀವಲ್ಲ, ಅದೇ. ಬಿಳಿಯರ ಬೋಗಿ, ಟಿಕೆಟ್ ಕಲೆಕ್ಟರ್ ಬಂದು ಎದ್ದು ಆ ಕಡೆ ಹೋಗಿ ಅಂದ. ಕಮಲಾದೇವಿ ಏಳ್ಲಿಲ್ಲ. ಹೋದವನು ಮತ್ತೆ ಬಂದ, ಇವರು ಇಲ್ಲಿಯವರಲ್ಲ ಅಂತ ಅವನಿಗೆ ಅನುಮಾನ ಬಂದಿರ್ಬೇಕು, ಎಲ್ಲಿಂದ ಬಂದ್ರಿ ಅಂದ. ನ್ಯೂಯಾರ್ಕ್ ಅಂದ್ರು! ಅದಲ್ಲ, ಯಾವ ದೇಶ ಅಂತ ಕೇಳ್ದ. ಆಗ ಅವರು ಹೇಳಿದ್ದರ ಸಾರ ಇಷ್ಟು, ಯಾವ ದೇಶ ಆದ್ರೇನು, ನಾನು ಬಣ್ಣದವಳೇ ಅಂತ ಕಾಣಿಸ್ತಿದೆಯಲ್ಲ, ಸುಮ್ನೆ ತೊಂದ್ರೆ ಕೊಡ್ಬೇಡಿ, ನಾನಂತೂ ಏಳಲ್ಲ. ಅವನು ಗೊಣಗಿಕೊಂಡು ಹೋದ. ರೋಸಾ ಪಾರ್ಕ್ಸ್ ಬಸ್ಸಿನ ಘಟನೆ 1955ರದ್ದು, ಇದು ಅದಕ್ಕಿಂತ 14 ವರ್ಷ ಮುಂಚೆ.

ನೋಡಿ, ಅವನು ಬಾಗಿಲು ತೆಗೆದೇ ಇಟ್ಟಿದ್ದ. "ನಾನು ಇಂಡಿಯಾದವಳು, ಅವರ ಪೈಕಿ ಅಲ್ಲ" ಅಂದಿದ್ರೆ ಮುಗೀತಿತ್ತು. ನಮ್ಮೆಜಮಾನ್ರು ಹೇಳಿದ್ದೂ ಅದನ್ನೇ, ನಾನೂ ಎಷ್ಟೋ ಕಡೆ ಅದನ್ನೇ ಹೇಳ್ಕೊಂಡು ಜಾರ್ಕೊಂಡಿದೀನಿ. ಅವರು ಜಾರ್ಕೊಳ್ಳಲಿಲ್ಲ. ಆದ್ರೆ ಮಗಳಿಗೆ ಇನ್ನೊಂದು ಮಾತೂ ಹೇಳ್ದೆ, ರೋಸಾರನ್ನ ಅರೆಸ್ಟ್ ಮಾಡಿದ್ರು, ಇವರನ್ನ ಮಾಡ್ಲಿಲ್ಲ, ಇವರಿಗೆ ವಾಪಸ್ ಹೋಗಕ್ಕೆ ಒಂದು ಊರಿತ್ತು. ಎರಡೂ ಒಂದೇ ಅಂತ ಚಾರ್ಟಲ್ಲಿ ಬರೀಬೇಡ ಅಂತ.

ಆ ಧೈರ್ಯ ಎಲ್ಲಿಂದ ಬಂತು ಅಂದ್ರೆ ನನಗನ್ಸೋದು ಅವರಮ್ಮ ಗಿರಿಜಾಬಾಯಿಯಿಂದ. ಏಳು ವರ್ಷದ ಹುಡುಗಿ ಇದ್ದಾಗ ಅಪ್ಪ ಉಯಿಲು ಬರೀದೇ ಹೋದ್ರು, ಆಸ್ತಿ ಪೂರ್ತಿ ಮಲಮಗನಿಗೆ, ತಾಯಿ ಮಕ್ಕಳಿಗೆ ತಿಂಗಳಿಗಿಷ್ಟು ಅಂತ. ಅಮ್ಮ ಆ ದುಡ್ಡೇ ಬೇಡ ಅಂದ್ಬಿಟ್ರು. ಹುಡುಗಿ ಹದಿಹರೆಯದಲ್ಲೇ ಮದುವೆಯಾಗಿ ವಿಧವೆ, ಆದ್ರೂ ಓದು ನಿಲ್ಲಿಸ್ಲಿಲ್ಲ, ಮರುಮದುವೆ, ಲಂಡನ್ನು, 1926ರಲ್ಲಿ ಮದ್ರಾಸ್ ಶಾಸನಸಭೆಗೆ ಎಲೆಕ್ಷನ್ ನಿಂತು ಸ್ವಲ್ಪದರಲ್ಲಿ ಸೋತ್ರು, ನಡುವೆ ಒಂದು ಮೂಕಿ ಸಿನಿಮಾದಲ್ಲಿ ನಟಿಸಿದ್ದೂ ಆಯ್ತು, ಆಮೇಲೆ ಡೈವೋರ್ಸೂ ತಗೊಂಡ್ರು, ಆ ಕಾಲದಲ್ಲಿ! 1930ರ ಉಪ್ಪಿನ ಸತ್ಯಾಗ್ರಹಕ್ಕೆ ಹೆಂಗಸರನ್ನೂ ಸೇರಿಸ್ಕೊಳ್ಳಿ ಅಂತ ಗಾಂಧೀಜಿ ಹತ್ರಾನೇ ಹೋಗಿ ಕೇಳಿದ್ರು, ಬಾಂಬೆ ಸ್ಟಾಕ್ ಎಕ್ಸ್‌ಚೇಂಜ್ ಒಳಗೆ ನುಗ್ಗಿ ಉಪ್ಪಿನ ಪೊಟ್ಟಣ ಮಾರಿ ಜೈಲಿಗೂ ಹೋದ್ರು.

ಸ್ವಾತಂತ್ರ್ಯ ಬಂದ್ಮೇಲೆ ಕುರ್ಚಿ ಹಿಂದೆ ಬೀಳ್ದೇ ಫರೀದಾಬಾದಲ್ಲಿ ದೇಶ ವಿಭಜನೆಯ ನಿರಾಶ್ರಿತರು ತಮ್ಮ ಊರು ತಾವೇ ಕಟ್ಕೊಳ್ಳೋ ಕೆಲಸಕ್ಕೆ ನಿಂತ್ರು, 1952ರಿಂದ ಕರಕುಶಲ ಮಂಡಳಿ ಅಂತ ದೇಶ ಪೂರ್ತಿ ನೇಕಾರರು, ಕುಂಬಾರರ ಮನೆಗಳಿಗೆ ಅಲೆದ್ರು. 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಈಗ ಕೆಲಸದ ಮಾತು. ನನ್ನ ಹತ್ರ ಇರೋದೆಲ್ಲ ಸಿಂಥೆಟಿಕ್ಕು, ಅದನ್ನುಟ್ಟು ಕಮಲಾದೇವಿ ಅಂದ್ರೆ ಆ ತಾಯಿ ಬೈತಾರೆ, ಯಾರ ಹತ್ರ ಆದ್ರೂ ಹಳೇ ಇಳಕಲ್ ಸೀರೆ ಇದ್ರೆ ಒಂದಿನಕ್ಕೆ ಕೊಡ್ತೀರಾ, ಡ್ರೈಕ್ಲೀನ್ ಮಾಡಿಸಿ ವಾಪಸ್ ಕೊಡ್ತೀನಿ. ಮಗಳು ಆಗ್ಲೇ ಇಪ್ಪತ್ತು ಉಪ್ಪಿನ ಪೊಟ್ಟಣ ಕಟ್ಟಿಟ್ಟಿದಾಳೆ, ಸ್ಟೇಜಿಂದ ಇಳಿದು ಅಂಕಲ್‌ಗಳಿಗೆಲ್ಲ ಒಂದೊಂದು ಡಾಲರ್‌ಗೆ ಮಾರ್ತಾಳಂತೆ. ಚಿಲ್ರೆ ಇಟ್ಕೊಂಡು ಬನ್ನಿ, ಫೋನ್ ಪೇಮೆಂಟ್ ತಗೊಳ್ಳಲ್ವಂತೆ, 1930ರಲ್ಲಿ ಇರ್ಲಿಲ್ಲವಂತೆ.