ಟ್ರೈನಿಂಗ್ ಕ್ರೆಡಿಟ್ ಎಲ್ಲಿ ಹೋಗಿ ಕೂರುತ್ತೆ?

ಎಲ್ಲರಿಗೂ ನಮಸ್ಕಾರ. ಅಟ್ಲಾಂಟಾದ ಅಕ್ಕ ಕಳೆದ ವಾರ ಈ ಗ್ರೂಪ್‌ನಲ್ಲಿ ಕೇಳಿದ ಪ್ರಶ್ನೆಗೆ ಈಗ ಉತ್ತರ ಬರೆಯುತ್ತಿದ್ದೇನೆ. ಅಪ್ಪನ ಕಣ್ಣಿನ ಆಪರೇಷನ್‌ಗೆ ಅಂತ ಬೆಂಗಳೂರಿಗೆ ಬಂದು ಜಾಲಹಳ್ಳಿ ಮನೆಯಲ್ಲಿದ್ದೇನೆ, ಅದಕ್ಕೇ ತಡ.

ನಿಮ್ಮ ಮಗ ಅಮೆರಿಕದ ಏರ್‌ಫೋರ್ಸ್ ಸೇರುತ್ತೇನೆ, ಟ್ರೈನಿಂಗೇ ಅರ್ಧ ಡಿಗ್ರಿ ಆಗುತ್ತೆ, ಉಳಿದಿದ್ದು ಓದಿ ಸೈಕಾಲಜಿ ಮುಗಿಸುತ್ತೇನೆ ಅಂತ ಹಟ ಹಿಡಿದಿದ್ದಾನೆ, ಇದು ಆಗುವ ಮಾತಾ ಅಂತ ಕೇಳಿದ್ದೀರಿ. ಆಗುತ್ತೆ ಅಕ್ಕ. ಯಾವ ಅರ್ಧ ಆಗುತ್ತೆ ಅನ್ನೋದನ್ನು ಮಾತ್ರ ಮೊದಲೇ ನೋಡಿಕೊಳ್ಳಿ. ನಾವು ನೋಡಲಿಲ್ಲ.

ಮಿಲಿಟರಿಗೆ ಕಳಿಸೋದಾ ಬೇಡವಾ ಅಂತ ಗ್ರೂಪ್‌ನಲ್ಲಿ ಆಗಲೇ ನಲವತ್ತು ಜನ ಹೇಳಿದ್ದಾರೆ. ಅದರ ಬಗ್ಗೆ ನಾನು ಹೇಳೋದಿಲ್ಲ. ಮಗಳು ಸಹಿ ಹಾಕಿ ಬಂದಾಗ ನಮ್ಮ ಮನೆಯವರು ಮೂರು ದಿನ ಮಾತು ಬಿಟ್ಟಿದ್ದರು, ಅಷ್ಟು ಹೇಳಿದರೆ ಸಾಕು.

ಅವಳಿಗೆ ಸಿಕ್ಕಿದ್ದು ಮೆಂಟಲ್ ಹೆಲ್ತ್ ಟೆಕ್ನೀಷಿಯನ್ ಕೆಲಸ. ಏರ್‌ಫೋರ್ಸ್‌ಗೆ 1972ರಿಂದ ತನ್ನದೇ ಕಮ್ಯೂನಿಟಿ ಕಾಲೇಜಿದೆ. ಟ್ರೈನಿಂಗ್ ಅಲ್ಲೇ ಕ್ರೆಡಿಟ್ ಆಗಿ, ಅಂದರೆ ಡಿಗ್ರಿಗೆ ಎಣಿಸುವ ಓದಿನ ಲೆಕ್ಕವಾಗಿ, ಜಮಾ ಆಗುತ್ತೆ, ಇನ್ನೊಂದಿಷ್ಟು ಕ್ಲಾಸ್ ಮಾಡಿದರೆ ಅಸೋಸಿಯೇಟ್ ಅನ್ನುವ, ಬ್ಯಾಚುಲರ್ಸ್‌ಗಿಂತ ಚಿಕ್ಕ ಡಿಗ್ರಿಯೂ ಸಿಗುತ್ತೆ. ಆರ್ಮಿ, ನೇವಿಯವರಿಗೆ ಬೇರೆ ದಾರಿ. ಅವರ ಟ್ರೈನಿಂಗನ್ನೆಲ್ಲ ಜಾಯಿಂಟ್ ಸರ್ವಿಸಸ್ ಟ್ರಾನ್ಸ್‌ಕ್ರಿಪ್ಟ್ ಅನ್ನುವ ಒಂದು ಪಟ್ಟಿಯಲ್ಲಿ ಬರೆದಿರುತ್ತಾರೆ. ಯಾವುದಕ್ಕೆ ಎಷ್ಟು ಕ್ರೆಡಿಟ್ ಕೊಡಬಹುದು ಅಂತ ಅಮೆರಿಕನ್ ಕೌನ್ಸಿಲ್ ಆನ್ ಎಜುಕೇಷನ್ ಶಿಫಾರಸು ಮಾಡುತ್ತೆ. ಬರೀ ಶಿಫಾರಸು. ಒಪ್ಪೋದು ಬಿಡೋದು ಯೂನಿವರ್ಸಿಟಿಗೆ ಬಿಟ್ಟಿದ್ದು.

ಮಗಳು ಮೆಂಟಲ್ ಹೆಲ್ತ್ ಸರ್ವಿಸಸ್‌ನಲ್ಲೇ ಅಸೋಸಿಯೇಟ್ ಮುಗಿಸಿ, ಅರವತ್ತು ಚಿಲ್ಲರೆ ಕ್ರೆಡಿಟ್ ಇಟ್ಟುಕೊಂಡು ಹೊರಗೆ ಬಂದಳು. ಬ್ಯಾಚುಲರ್ಸ್‌ಗೆ ಸಾಮಾನ್ಯವಾಗಿ 120 ಬೇಕು. ಯೂನಿವರ್ಸಿಟಿ ಅಷ್ಟನ್ನೂ ಒಪ್ಪಿಕೊಂಡಿದೆ ಅಂತ ಪತ್ರ ಬಂತು. ಇನ್ನೆರಡೇ ವರ್ಷ ಅಂತ ನಾನು ಪಾಯಸ ಮಾಡಿದೆ. ಮೂರು ವಾರ ಬಿಟ್ಟು ಡಿಗ್ರಿ ಆಡಿಟ್ ಹಾಳೆ ಬಂತು ನೋಡಿ, ಡಿಗ್ರಿಗೆ ಯಾವುದು ಆಯಿತು ಯಾವುದು ಬಾಕಿ ಅಂತ ತೋರಿಸುವ ಪಟ್ಟಿ. ಫಿಟ್‌ನೆಸ್, ಲೀಡರ್‌ಶಿಪ್, ಕ್ಲಿನಿಕ್ ಕೆಲಸ ಎಲ್ಲ ಸೇರಿ ಹೋಗಿ ಕೂತಿದ್ದು ಎಲೆಕ್ಟಿವ್, ಅಂದರೆ ಇಷ್ಟದ ಐಚ್ಛಿಕ ವಿಷಯಗಳು ಅನ್ನುವ ಕಾಲಂನಲ್ಲಿ. ಮುಖ್ಯ ವಿಷಯದ, ಅಂದರೆ ಸೈಕಾಲಜಿ ಮೇಜರ್ ಅನ್ನುವ ಕಾಲಂನಲ್ಲಿ ಎರಡೇ ಎರಡು ಪೇಪರ್. ಸ್ಟ್ಯಾಟಿಸ್ಟಿಕ್ಸ್, ರಿಸರ್ಚ್ ಮೆಥಡ್ಸ್, ಲ್ಯಾಬ್, ಎಲ್ಲ ಖಾಲಿ.

ಮಗಳಿಗೆ ಉರಿದುಹೋಯಿತು ಅಬ್ನಾರ್ಮಲ್ ಸೈಕಾಲಜಿ, ಅಂದರೆ ಮನಸ್ಸಿನ ಕಾಯಿಲೆಗಳ ಪೇಪರ್ ನೋಡಿ. ದಿನಾ ಬೆಳಗ್ಗೆ ಎದ್ದು ನಿದ್ದೆ ಬಾರದವರ, ಬದುಕೇ ಬೇಡ ಅನ್ನುವವರ ಎದುರು ಕೂತು ಕೇಳಿ ಬರೆದುಕೊಂಡವಳು. ಅವಳಿಗೇ ಈಗ ಡಿಪ್ರೆಷನ್ ಅಂದರೇನು ಅಂತ ಮೊದಲ ಪಾಠದಿಂದ ಕಲಿ ಅಂದರು. ನನಗೂ ಅನ್ಯಾಯ ಅನ್ನಿಸಿತ್ತು. ಆಮೇಲೆ ಅವಳೇ ಫೋನ್‌ನಲ್ಲಿ ಹೇಳಿದಳು: "ಅಮ್ಮಾ, ಕೇಳೋದು ನಂಗೆ ಗೊತ್ತಿತ್ತು. ಹಾಗೆ ಕೇಳಿದ್ರೆ ಉಪಯೋಗ ಆಗುತ್ತೆ ಅಂತ ಹೆಂಗೆ ಗೊತ್ತು ಅಂದ್ರೆ ಉತ್ತರ ಇರಲಿಲ್ಲ." ಸ್ಟ್ಯಾಟಿಸ್ಟಿಕ್ಸ್ ಮೇಲಿನ ಸಿಟ್ಟು ಮಾತ್ರ ಇನ್ನೂ ಹೋಗಿಲ್ಲ.

ದುಡ್ಡಿನ ಪೆಟ್ಟು ಬೇರೆ. ಸೇನೆಯಲ್ಲಿದ್ದವರ ಓದಿಗೆ ಸರ್ಕಾರ ದುಡ್ಡು ಕೊಡುವ ಪೋಸ್ಟ್ 9/11 ಜಿಐ ಬಿಲ್‌ನಲ್ಲಿ 36 ತಿಂಗಳ ಓದಿಗೆ ಸಹಾಯ ಸಿಗುತ್ತೆ. ಅಂದರೆ ಒಂಬತ್ತು ತಿಂಗಳಂತೆ ನಾಲ್ಕು ವರ್ಷದ ಕಾಲೇಜು. ಆದರೆ ಡಿಗ್ರಿಗೆ ಬೇಕಾದ ಕ್ಲಾಸ್‌ಗಳಿಗೆ ಮಾತ್ರ. ಎಲೆಕ್ಟಿವ್ ಕಾಲಂ ಆಗಲೇ ತುಂಬಿಹೋಗಿದ್ದರೆ, ಆಸೆಪಟ್ಟು ತೆಗೆದುಕೊಂಡ ಇನ್ನೊಂದು ಕ್ಲಾಸ್‌ಗೆ ಅವರು ಕೊಡೋದಿಲ್ಲ. ಮಗಳಿಗೆ ಸ್ಪ್ಯಾನಿಷ್ ಕಲಿಯಬೇಕಿತ್ತು, ಕೈಯಿಂದ ಕಟ್ಟಿದಳು. ಮನೆಯಿಂದಲೇ ಪೂರ್ತಿ ಆನ್‌ಲೈನ್ ಓದಿದರೆ ಮನೆ ಬಾಡಿಗೆಗೆ ಕೊಡುವ ಭತ್ಯೆಯೂ ಕಡಿಮೆ.

ಇದೆಲ್ಲ ಮೊನ್ನೆ ಸಂಜೆ ಇಲ್ಲಿ ಮತ್ತೆ ಎದ್ದಿತು. ಅಪ್ಪ ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದರು, ಮಗಳು ವಿಡಿಯೋ ಕಾಲ್‌ನಲ್ಲಿದ್ದಳು. ಅವಳ ಆಡಿಟ್ ಹಾಳೆಯನ್ನು ನಾನು ಓದಿ ಹೇಳಿದೆ. ಅಪ್ಪ ಕೇಳಿ, "ಪುಟ್ಟಿ, ಅನ್ನ ಹಂಡೆಗಟ್ಟಲೆ ಇದೆ, ಸಾರೇ ಇಲ್ವಲ್ಲೇ" ಅಂದರು.

ಅಪ್ಪ ಇಲ್ಲಿನ ಏರ್‌ಫೋರ್ಸ್‌ನಲ್ಲಿ ರೇಡಿಯೋ ಕೆಲಸದವರು. ಎಸ್ಸೆಸ್ಸೆಲ್ಸಿ ಮುಗಿಸಿ 1968ರಲ್ಲಿ ಸೇರಿ, ಇದೇ ಜಾಲಹಳ್ಳಿಯಲ್ಲಿ ಟ್ರೈನಿಂಗ್ ಪಡೆದವರು. ಹದಿನೈದು ವರ್ಷ ಆದಮೇಲೆ ಹೊರಗೆ ಬಂದು ಬ್ಯಾಂಕ್ ಸೇರಿದರು. ಅಷ್ಟು ವರ್ಷದ ವಿದ್ಯೆ ಯೂನಿವರ್ಸಿಟಿ ಲೆಕ್ಕದಲ್ಲಿ ಸೊನ್ನೆ. ಮ್ಯಾಟ್ರಿಕ್ ಜೊತೆ ಹದಿನೈದು ವರ್ಷ ಸರ್ವಿಸ್ ಇದ್ದವರನ್ನು ಕೇಂದ್ರ ಸರ್ಕಾರದ ಗ್ರೂಪ್ ಸಿ ಹುದ್ದೆಗಳಿಗೆ ಪದವೀಧರರ ಹಾಗೆ ನೋಡುವ ನಿಯಮ ಇದೆ. ಅದು ಕೆಲಸಕ್ಕೆ ಅಷ್ಟೇ, ಎಂಎ ಸೀಟಿಗೆ ಅಲ್ಲ. ಅಪ್ಪ ಸಂಜೆ ಕಾಲೇಜಿಗೆ ಹೋಗಿ ಸೈಕಾಲಜಿ ಕೇಳಿದರಂತೆ. ಪ್ರಾಕ್ಟಿಕಲ್ ಇರುವ ವಿಷಯ ಸಂಜೆ ಹೊತ್ತು ಇಲ್ಲ ಅಂದರು. ಹಿಸ್ಟರಿ, ಎಕನಾಮಿಕ್ಸ್ ಓದಿದರು. ರೇಡಿಯೋದವನಿಗೆ ಸೈಕಾಲಜಿ ಯಾಕೆ ಅಂತ ಅಲ್ಲಿದ್ದ ಗುಮಾಸ್ತರು ನಕ್ಕರಂತೆ. ಅಪ್ಪ ಬಿಡುವ ಪೈಕಿ ಅಲ್ಲ. "ಮೈಸೂರಲ್ಲಿ 1935ರಲ್ಲಿ ಆಕಾಶವಾಣಿ ರೇಡಿಯೋ ಶುರು ಮಾಡಿದ ಗೋಪಾಲಸ್ವಾಮಿಯವರು ಏನು ಪಾಠ ಮಾಡ್ತಿದ್ರು ಸ್ವಾಮಿ? ಸೈಕಾಲಜಿ!" ಅಂದು ಬಂದರಂತೆ. ಈ ಕಥೆ ನಾವು ನೂರು ಸಲ ಕೇಳಿದ್ದೇವೆ.

ಈಗ ತಮ್ಮನ ಮಗನ ಸರದಿ. ಅಗ್ನಿವೀರ್ ಆಗ್ತೀನಿ ಅಂತಾನೆ. ಅಗ್ನಿವೀರರಿಗೆ ಇಗ್ನೋ ಮುಕ್ತ ವಿಶ್ವವಿದ್ಯಾಲಯದ ಮೂರು ವರ್ಷದ ಡಿಗ್ರಿಯಲ್ಲಿ ಅರ್ಧ ಕ್ರೆಡಿಟ್ ಟ್ರೈನಿಂಗ್‌ನಿಂದಲೇ ಅಂತ 2022ರಲ್ಲಿ ಕೇಂದ್ರ ಸರ್ಕಾರ ಹೇಳಿತ್ತು. ನನ್ನ ಮಗಳ ಹಾಗೇ ಸೈಕಾಲಜಿ ಮಾಡ್ತೀನಿ ಅಂದ. ಆದರೆ 2025ರ ಜುಲೈ-ಆಗಸ್ಟ್ ಸಾಲಿನಿಂದ ಸೈಕಾಲಜಿಯನ್ನು ದೂರಶಿಕ್ಷಣದಲ್ಲಾಗಲೀ ಆನ್‌ಲೈನ್‌ನಲ್ಲಾಗಲೀ ಕಲಿಸುವಂತಿಲ್ಲ ಅಂತ ಯುಜಿಸಿ ನಿಲ್ಲಿಸಿದೆ. ಸೇವೆಯಲ್ಲಿರುವ ಹುಡುಗ ರೆಗ್ಯುಲರ್ ಕಾಲೇಜಿಗೆ ಹೇಗೆ ಹೋಗ್ತಾನೆ? "ನಲವತ್ತು ವರ್ಷ ಆಯ್ತು, ಪ್ರಾಕ್ಟಿಕಲ್ಲೇ ಅಡ್ಡ ಬಂತು ನೋಡು" ಅಂತ ಅಪ್ಪನಿಗೆ ನಗು. ನನಗೆ ಮಾತ್ರ ಯುಜಿಸಿ ಮಾಡಿದ್ದು ತಪ್ಪು ಅನ್ನಿಸಲಿಲ್ಲ. ನಿಮ್ಹಾನ್ಸ್ ಒಪಿಡಿ ಮುಂದೆ ಬೆಳಗ್ಗೆ ನಿಲ್ಲುವ ಜನರನ್ನು ನೋಡಿದರೆ, ಬರೀ ಪಿಡಿಎಫ್ ಓದಿ ಬಂದವರ ಕೈಗೆ ಅವರನ್ನು ಕೊಡೋಕೆ ಮನಸ್ಸು ಬರೋದಿಲ್ಲ.

ಅಕ್ಕ, ನಿಮ್ಮ ಮಗನ ವಿಷಯಕ್ಕೆ ಬರುತ್ತೇನೆ. ಎಷ್ಟು ಕ್ರೆಡಿಟ್ ಒಪ್ಪುತ್ತೀರಿ ಅಂತ ಯೂನಿವರ್ಸಿಟಿಯನ್ನು ಕೇಳಬೇಡಿ. ಸೈಕಾಲಜಿ ಮೇಜರ್‌ಗೆ ಯಾವ್ಯಾವ ಪೇಪರ್ ಬದಲು ಒಪ್ಪುತ್ತೀರಿ ಅಂತ ಕೇಳಿ, ಬರಹದಲ್ಲಿ ತೆಗೆದುಕೊಳ್ಳಿ. ರಿಕ್ರೂಟರ್ ಬಾಯಿಮಾತು ಲೆಕ್ಕಕ್ಕಿಲ್ಲ. ನಮಗೂ ಒಬ್ಬರು "ಎಲ್ಲಾ ಆಗುತ್ತೆ" ಅಂದಿದ್ದರು. ಏರ್‌ಫೋರ್ಸ್ ಕಾಲೇಜಿನ ಅಸೋಸಿಯೇಟ್ ಸೇವೆಯಲ್ಲಿರುವಾಗಲೇ ಮುಗಿಯಬೇಕು, ಹೊರಗೆ ಬಂದಮೇಲೆ ಮುಗಿಸೋಕಾಗಲ್ಲ. ಕ್ಲಾಸಿಗೆ ಹೋಗದೆ ಪರೀಕ್ಷೆ ಬರೆದೇ ಕ್ರೆಡಿಟ್ ಗಳಿಸುವ ಕ್ಲೆಪ್‌ನಲ್ಲಿ ಇಂಟ್ರೊಡಕ್ಟರಿ ಸೈಕಾಲಜಿ ಇದೆ, ಸೇವೆಯಲ್ಲಿದ್ದವರಿಗೆ ಮೊದಲ ಸಲ ಫೀಸಿಲ್ಲ. ರಜೆಯಲ್ಲಿ ಕೂತು ಬರೆಯಲಿ.

ಇನ್ನೊಂದು. ಬ್ಯಾಚುಲರ್ಸ್ ಆದ ಕೂಡಲೇ ಕೌನ್ಸೆಲರ್ ಆಗಿಬಿಡ್ತಾನೆ ಅಂತ ನೆಂಟರಿಗೆ ಹೇಳಿಬಿಡಬೇಡಿ, ನಾನು ಹೇಳಿ ಪೇಚಿಗೆ ಸಿಕ್ಕಿದ್ದೇನೆ. ಲೈಸೆನ್ಸ್‌ಗೆ ಮಾಸ್ಟರ್ಸ್ ಬೇಕು, ಸೈಕಾಲಜಿಸ್ಟ್ ಅನ್ನಿಸಿಕೊಳ್ಳೋಕೆ ಸಾಮಾನ್ಯವಾಗಿ ಡಾಕ್ಟರೇಟೇ. ಆ 36 ತಿಂಗಳಲ್ಲಿ ಒಂದಿಷ್ಟನ್ನು ಅದಕ್ಕೆ ಉಳಿಸಿಕೊಳ್ಳಲಿ.

ಮಗಳ ಆಡಿಟ್ ಹಾಳೆ ನೋಡಬೇಕಿದ್ದರೆ ಹೇಳಿ, ಹೆಸರು ಅಳಿಸಿ ಕಳಿಸುತ್ತೇನೆ. ಅವಳನ್ನು ಕೇಳಿದ್ದೇನೆ, ಪರವಾಗಿಲ್ಲ ಅಂದಿದ್ದಾಳೆ. ಫೋನ್ ಮಾಡೋದಾದರೆ ನಿಮ್ಮ ರಾತ್ರಿ ಹತ್ತರ ಮೇಲೆ ಮಾಡಿ, ಇಲ್ಲಿ ಅಷ್ಟೊತ್ತಿಗೆ ಅಪ್ಪನ ಕಣ್ಣಿಗೆ ಡ್ರಾಪ್ಸ್ ಹಾಕಿ ಮುಗಿದಿರುತ್ತೆ.