ಅಪ್‌ಡೇಟ್: ಬೆಳಿಗ್ಗೆಗೆ ಬೇರೆ ಟ್ಯಾಬ್, ಸಂಜೆಗೆ ಬೇರೆ

ಬದಿಯಡ್ಕದ ನಮ್ಮ ಅಂಗಡಿ ಕಂಪ್ಯೂಟರಿನಲ್ಲಿ ಕ್ರೋಮ್ ತೆರೆದರೆ ಬೆಳಿಗ್ಗೆ ಲೆಕ್ಕದ ಟ್ಯಾಬ್‌ಗಳು, ಸಂಜೆ ಮಗಳ ಕನ್ನಡ ಮೀಡಿಯಂ ಪಾಠದ ಟ್ಯಾಬ್‌ಗಳು ಬರಬೇಕು, ಹೇಗೆ ಅಂತ ಕೇಳಿದ್ದೆ. ಈಗ ಸರಿಯಾಯ್ತು, ಥ್ಯಾಂಕ್ಸ್!

ಕೆಲವರು ಹೇಳಿದ ಹಾಗೆ ಕ್ರೋಮ್ ಶಾರ್ಟ್‌ಕಟ್‌ನ ಪ್ರಾಪರ್ಟೀಸ್‌ಗೆ ಹೋಗಿ, ಟಾರ್ಗೆಟ್ ಸಾಲಿನ ಕೊನೆಗೆ ಸ್ಪೇಸ್ ಬಿಟ್ಟು ಸೈಟ್ ವಿಳಾಸಗಳನ್ನು ಸೇರಿಸಿ ನೋಡಿದೆ. ಕೆಲಸವೇನೋ ಮಾಡುತ್ತದೆ. ಆದರೆ ಲಾಗಿನ್, ಹಿಸ್ಟರಿ ಎಲ್ಲ ಒಂದೇ ಕಡೆ. ಜಿಎಸ್‌ಟಿ ಪಕ್ಕದಲ್ಲೇ ಯಕ್ಷಗಾನದ ವಿಡಿಯೊ, ಯಾಕೆ ಬೇಕು ಅಲ್ವಾ?

ಹಾಗಾಗಿ ಕ್ರೋಮ್‌ನಲ್ಲೇ ಎರಡು ಪ್ರೊಫೈಲ್ (ಲಾಗಿನ್, ಹಿಸ್ಟರಿ ಬೇರೆ ಬೇರೆಯಾಗಿ ಇರುವ ಖಾತೆ) ಮಾಡಿದೆ. ಪ್ರತಿಯೊಂದರ ಸೆಟ್ಟಿಂಗ್ಸ್‌ನಲ್ಲಿ ‘ಆನ್ ಸ್ಟಾರ್ಟಪ್’ ಕೆಳಗೆ ಬೇಕಾದ ಪುಟಗಳನ್ನು ಹಾಕಿದರೆ ಮುಗಿಯಿತು. ಪ್ರೊಫೈಲ್‌ಗೊಂದು ಡೆಸ್ಕ್‌ಟಾಪ್ ಐಕಾನ್ ಕೂಡ ಇಡಬಹುದು. ಒಂದೇ ಕೊರತೆ, ಪ್ರೊಫೈಲ್‌ಗೆ ಪಾಸ್‌ವರ್ಡ್ ಇಲ್ಲ. ಮಗಳು ಸುಮ್ನೆ ನನ್ನದಕ್ಕೂ ನುಗ್ಗಬಹುದು.